ಪೆಡಲ್ ಮೇಲಿನ ಅವ್ವನ ಕಾಲು

ಇವತ್ತು ಅನಗೋಳದ ಗ್ಯಾರೇಜೊಂದರ ಮುಂದೆ ಹಾಯುವಾಗ ಬ್ರೇಕ್ ಆಯಿಲ್ ವಾಸನೆ ಬಂತು. ಅಲ್ಲೇ ನಿಂತುಬಿಟ್ಟೆ.

ವಡಗಾವಿಯ ನಮ್ಮ ಅಂಗಳದಲ್ಲಿ ಅಪ್ಪ ತನ್ನ ಬಾಡಿಗೆ ಜೀಪಿನ ಬ್ರೇಕ್ ಆಯಿಲ್ ತಾನೇ ಬದಲಿಸುತ್ತಿದ್ದ. ಅವನು ಗಾಲಿಯ ಹಿಂದೆ ಮಲಗಿ ಎಣ್ಣೆ ಹೊರಬಿಡುವ ನಿಪ್ಪಲ್ ಸಡಿಲಿಸಿದರೆ, ಅವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒಳಗೆ ಕೂತು ಪೆಡಲ್ ತುಳಿಯುತ್ತಿದ್ದಳು. ಹಳೆ ಎಣ್ಣೆಯ ಜೊತೆ ಗಾಳಿಯೂ ಹೊರಬರುತ್ತಿತ್ತು. ನಿಪ್ಪಲ್ ಬಿಗಿಯುವ ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ; ಗಾಳಿ ಹೊಕ್ಕರೆ ಬ್ರೇಕ್ ಹಿಡಿಯುವುದಿಲ್ಲ.

"ಹಿಡದೀ?"

"ಹಿಡದೇನ್ರಿ."

"ನಾ ಹೇಳೂತನಾ ಬಿಡಬ್ಯಾಡ."

ಒಂದು ದಿನ ಹೀಗೇ ಎಣ್ಣೆ ಬದಲಿಸುತ್ತಿದ್ದರು; ಖಾನಾಪುರಕ್ಕೆ ಬಾಡಿಗೆ ಇತ್ತು. ಅಪ್ಪನಿಗೆ ಅವಸರ. ನಾನು ಅಡುಗೆಮನೆಯಿಂದ ಒದರಿದೆ: "ಅವ್ವಾ, ಹಾಲು ಉಕ್ಕಾಕತ್ತೈತಿ!" ಓಡಿ ಬಾಗಿಲಿಗೆ ಬಂದಾಗ ಅವ್ವನ ಕಾಲು ಪೆಡಲ್ ಬಿಟ್ಟು ಮೇಲೆದ್ದಿತ್ತು. ಗಾಬರಿಯಿಂದ ಮತ್ತೆ ತುಳಿದಳು.

"ಹಿಡದೀ?" ಅಪ್ಪ ಕೇಳಿದ.

"ಹಿಡದೇನ್ರಿ."

ಅಪ್ಪ ನಿಪ್ಪಲ್ ಬಿಗಿದ. ಪೆಡಲ್ ಒಮ್ಮೆ ಒತ್ತಿ ನೋಡದೆ ಹೊರಟುಬಿಟ್ಟ.

ಖಾನಾಪುರದ ಹತ್ತಿರ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲವಂತೆ. ಜೀಪು ಮರಕ್ಕೆ ಗುದ್ದಿತು. ಅಪ್ಪ ಉಳಿಯಲಿಲ್ಲ. ಎಣ್ಣೆಯೇ ಖೊಟ್ಟಿ ಇತ್ತು ಎಂದರು ಮಂದಿ. ಅವ್ವ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಈಗ ಹಾಸಿಗೆ ಹಿಡಿದಿರುವ ಅವ್ವನಿಗೆ ನನ್ನ ಹೆಸರೂ ನೆನಪಿಲ್ಲ. ಬಲಗಾಲು ಮಾತ್ರ ದಿನವಿಡೀ ಮಂಚದ ಹಲಗೆಯನ್ನು ಒತ್ತಿಕೊಂಡಿರುತ್ತದೆ. "ಹಿಡದೇನ್ರಿ... ಬಿಟ್ಟಿಲ್ರಿ" ಎನ್ನುತ್ತಾಳೆ.

ಇವತ್ತು ಮನೆಗೆ ಬಂದವಳೇ ಆ ಪಾದ ಹಿಡಿದು ಹೇಳಿದೆ: "ಅವ್ವಾ, ಅವತ್ತ ಒದರಿದಾಕಿ ನಾ."

ಅವಳು ಇನ್ನಷ್ಟು ಗಟ್ಟಿಯಾಗಿ ಒತ್ತಿದಳು.