ಹುಲಿಗೆಕ್ಕ ಕೇಳದ ಒಂದೇ ಪ್ರಶ್ನೆ

ಜೆರಾಕ್ಸ್ ಯಂತ್ರದಿಂದ ಆಗಷ್ಟೇ ಹೊರಬಂದ ಹಾಳೆ ಎಲ್ಲ ಕಡೆಯೂ ಒಂದೇ ಸಮ ಬಿಸಿ ಇರುವುದಿಲ್ಲ. ಮೊದಲು ಇಣುಕಿದ ಅಂಚು ಆರಿರುತ್ತದೆ. ಕೊನೆಗೆ ಬಂದ ಅಂಚು ಮಾತ್ರ ಕೆನ್ನೆಗೆ ಹಿತವಾಗುವಷ್ಟು ಬೆಚ್ಚಗಿರುತ್ತದೆ. ಕೆನ್ನೆಯ ಸಂಗತಿ ನಿನಗೆ ಹೇಗೆ ಗೊತ್ತು ಎಂದು ನೀವು ಕೇಳಬಾರದು. ಸಂಡೂರಿನ ನಮ್ಮ ಕಚೇರಿಯಲ್ಲಿ ಇವತ್ತು ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಕೇಳಿಯೇಬಿಟ್ಟರು.

"ಏನ್ ಮೇಡಮ್, ಹಾಳೀನ ಮುದ್ದು ಮಾಡಾಕತ್ತೀರಿ?"

"ಹಲ್ಲು ನೋವು" ಎಂದೆ. ನಾನು ಸುಳ್ಳು ಹೇಳುವುದು ಅಪರೂಪ. ಹಾಗಾಗಿ ಅಭ್ಯಾಸ ಸಾಲದು. ಸಂಜೆಯೊಳಗೆ ನನ್ನ ಮೇಜಿನ ಮೇಲೆ ಲವಂಗ, ಒಂದು ಮಾತ್ರೆ ಮತ್ತು ದೋಣಿಮಲೈ ಕಡೆಯ ದಂತವೈದ್ಯರ ಫೋನ್ ನಂಬರು ಬಂದು ಕೂತಿದ್ದವು.

ನಿಜ ಏನೆಂದರೆ, ಆ ಬಿಸಿ ಹಾಳೆಯ ವಾಸನೆ ಮೂಗಿಗೆ ತಾಗಿದ ಕೂಡಲೇ ನಾನು ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಒಂದು ಆನ್‌ಲೈನ್ ಸೆಂಟರಿನ ಬೆಂಚಿನ ಮೇಲೆ ಕೂತಿರುತ್ತೇನೆ. ಅದನ್ನು ನಡೆಸುತ್ತಿದ್ದವಳು ಹುಲಿಗೆಮ್ಮ. ಎಲ್ಲರ ಬಾಯಲ್ಲೂ ಹುಲಿಗೆಕ್ಕ. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಮತ್ತು ಎರಡನ್ನೂ ಮೀರಿಸುವ ಗಂಟಲು. ಸರ್ಕಾರಿ ಕೆಲಸದ ಅರ್ಜಿ ತುಂಬಲು ಅರ್ಧ ತಾಲ್ಲೂಕು ಅಲ್ಲಿಗೇ ಬರುತ್ತಿತ್ತು. ಕಂಪ್ಯೂಟರಿನ ಮುಖ ಅವಳ ಕಡೆ, ನಮ್ಮ ಮುಖ ಕಂಪ್ಯೂಟರಿನ ಬೆನ್ನಿನ ಕಡೆ. ಆದ್ದರಿಂದ ಅವಳು ಪ್ರತಿಯೊಂದು ಅಂಕಣವನ್ನೂ ಕೂಗಿ ಕೇಳುತ್ತಿದ್ದಳು, ನಾವು ಕೂಗಿ ಉತ್ತರಿಸಬೇಕಿತ್ತು. ತಂದೆಯ ಉದ್ಯೋಗ, ಜಾತಿ, ಎಷ್ಟನೇ ಸಲಕ್ಕೆ ಪಾಸು, ಮದುವೆ ಆಗಿದೆಯೋ ಮುರಿದಿದೆಯೋ, ಎಲ್ಲವೂ ಬೆಂಚಿನ ಸಾರ್ವಜನಿಕ ಆಸ್ತಿ. ತಡವರಿಸಿದರೆ ಬೆಂಚೇ ಉತ್ತರ ಸೂಚಿಸುತ್ತಿತ್ತು.

ನನ್ನಂಥವಳಿಗೆ ಇದು ಎಂಥ ಜಾಗ ಎಂದು ನೀವು ಊಹಿಸಬಲ್ಲಿರಿ. ಅಂಗಡಿಯಲ್ಲಿ ಸೋಪು ಕೊಳ್ಳುವಾಗಲೂ ಪಕ್ಕದವರು ಹೋಗಲಿ ಎಂದು ಕಾಯುವ ಜಾತಿ ನನ್ನದು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಹೊಸಪೇಟೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದು, ಪಿಯುಸಿ ಹುಡುಗಿಯರಿಗೆ ಟ್ಯೂಷನ್ ಹೇಳುತ್ತಿದ್ದೆ. ನಾನು ಹುಟ್ಟಿದಾಗ ಕಂಪ್ಲಿಯ ದಾದಿ "ಗಂಡು" ಅಂದಿದ್ದಳು. ಅವಳ ಅಂದಾಜು ತಪ್ಪಿತ್ತು. ಅದನ್ನು ಕಂಡುಕೊಳ್ಳಲು ನನಗೆ ಒಂದಿಷ್ಟು ವರ್ಷ ಹಿಡಿಯಿತು. ಜಿಲ್ಲಾಧಿಕಾರಿಗಳ ಕಚೇರಿಯಿಂದ ಗುರುತಿನ ಚೀಟಿ ಪಡೆಯಲು ಇನ್ನೊಂದಿಷ್ಟು ತಿಂಗಳು. ಹೊಸಪೇಟೆಯಲ್ಲಿ ನಾನು ಟೀಚರ್, ಅಷ್ಟೇ. ಹೆಚ್ಚಿನದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಂಪ್ಲಿಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಅಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಅಮ್ಮನಿಗೆ ನಾನು ಇನ್ನೂ ಮಗ. ತಿಂಗಳಿಗೊಮ್ಮೆ ಊರಿಗೆ ಹೋಗುವಾಗ ದೊಗಳೆ ಅಂಗಿ, ಪ್ಯಾಂಟು ಹಾಕಿ, ಕೂದಲನ್ನು ಕ್ಯಾಪಿನೊಳಗೆ ತುರುಕುತ್ತಿದ್ದೆ. ಆಗಷ್ಟೇ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿತ್ತು. ಇಡೀ ಬಸ್ಸಿನ ಹೆಂಗಸರು ಪುಕ್ಕಟೆ ಹೋಗುತ್ತಿರುವಾಗ ನಾನೊಬ್ಬಳು ಟಿಕೆಟು ಕೊಳ್ಳುತ್ತಿದ್ದೆ. ಅಮ್ಮನಿಗೆ ಹೆದರಿ ಸಾರಿಗೆ ಇಲಾಖೆಗೆ ದೇಣಿಗೆ ಕೊಟ್ಟ ಮಗಳು ರಾಜ್ಯದಲ್ಲಿ ನಾನೊಬ್ಬಳೇ ಇರಬೇಕು.

ಕೆಲಸಕ್ಕೆ ಅರ್ಜಿ ಹಾಕುವುದೆಂದರೆ ನನಗೆ ಆ ಒಂದು ಅಂಕಣದ ಚಿಂತೆ. 'ಹೆಣ್ಣು' ಎಂದು ಗುರುತಿಸಿದರೆ ಹಳೆಯ ಅಂಕಪಟ್ಟಿಗಳ ಹುಡುಗನ ಹೆಸರು ಹಿಂದಿನಿಂದ ಬಂದು ಅಂಗಿ ಜಗ್ಗುತ್ತಿತ್ತು. ಮೂರನೆಯದನ್ನು ಗುರುತಿಸಿದರೆ ಸಂದರ್ಶನಕ್ಕೆ ಮುಂಚೆಯೇ ಇಡೀ ಕಚೇರಿ ಕುತ್ತಿಗೆ ಉದ್ದ ಮಾಡಿಕೊಂಡು ಕೂತಿರುತ್ತಿತ್ತು. ಹಂಪಿಯ ಬಾಳೆತೋಟದ ಪಕ್ಕದ ಗೆಸ್ಟ್‌ಹೌಸ್ ಮಾಲೀಕರೊಬ್ಬರು ಮಾತ್ರ ನನ್ನನ್ನು ಎರಡೇ ಪ್ರಶ್ನೆ ಕೇಳಿದ್ದರು: "ಸೈಕಲ್ ಹೊಡೀತೀರೇನು? ಫಾರಿನ್ನವರಿಗೆ ನಗಕೋತ 'ಇಲ್ಲ' ಅನ್ನಾಕ ಬರತೈತೇನು?" ನನ್ನ ಜೀವಮಾನದ ಅತ್ಯುತ್ತಮ ಸಂದರ್ಶನ ಅದು. ಸೀಸನ್ ಮುಗಿದ ಮೇಲೆ ಅವರು ನನಗೂ ನಗುತ್ತಲೇ 'ಇಲ್ಲ' ಅಂದರು.

ಅಷ್ಟರಲ್ಲಿ ಒಂದು ಸರ್ಕಾರಿ ಹುದ್ದೆಗೆ ಅರ್ಜಿ ಕರೆದರು. ಲಿಂಗತ್ವ ಅಲ್ಪಸಂಖ್ಯಾತರಿಗೆ ಮೀಸಲಾತಿ ಇತ್ತು. ನನ್ನ ಅಂಕಗಳೂ ಕೆಟ್ಟದಾಗಿರಲಿಲ್ಲ. ತೊಡಕು ಒಂದೇ. ಆಯ್ಕೆ ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ಊರು, ವರ್ಗ ಎಲ್ಲವನ್ನೂ ಹಾಕುತ್ತಾರೆ. ಕಂಪ್ಲಿಯ ಹುಡುಗರು ಇಂಥ ಪಟ್ಟಿ ಬಂದ ಕೂಡಲೇ ವಾಟ್ಸಾಪಿನಲ್ಲಿ ಊರೆಲ್ಲ ಹಂಚಿ, "ನಮ್ಮೂರಾಗ ಯಾರ‍್ಯಾರಿಗೆ ಆತು?" ಎಂದು ಹುಡುಕುತ್ತಾರೆ. ಅಮ್ಮನಿಗೆ ಸುದ್ದಿ ತಲುಪುವುದು ಯಾರದೋ ಮೊಬೈಲಿನಿಂದ.

ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಹುಲಿಗೆಕ್ಕನಲ್ಲಿಗೆ ಹೋದೆ. ಕೊನೆಯ ದಿನಾಂಕಕ್ಕೆ ಒಂದು ದಿನ ಬಾಕಿ. ನಾನು ಬುದ್ಧಿವಂತಿಕೆಯಿಂದ ಎಲ್ಲ ಉತ್ತರಗಳನ್ನೂ ಒಂದು ಚೀಟಿಯಲ್ಲಿ ದುಂಡಗೆ ಬರೆದು ಒಯ್ದಿದ್ದೆ.

"ಚೀಟಿ ಬ್ಯಾಡ ಟೀಚರ್, ಬಾಯಾಗ ಹೇಳ್ರಿ. ತಪ್ಪಾದ್ರ ಆಮ್ಯಾಲೆ ಎಲ್ಲಾರೂ ನನ್ನ ಮ್ಯಾಲೆ ಬರ್ತೀರಿ. ಕುಂದ್ರಿ."

ಕೂತೆ. ಒಂದೊಂದಾಗಿ ಕೇಳಿದಳು, ಒಂದೊಂದಾಗಿ ಹೇಳಿದೆ. ಇನ್ನೇನು ಆ ಪ್ರಶ್ನೆ ಬರುತ್ತದೆ ಎಂದು ಕಾಯುತ್ತಿದ್ದೆ. ಹುಟ್ಟಿದ ದಿನಾಂಕ ಆಯಿತು. ಮುಂದಿನದು "ಜಾತಿ?"

ನಡುವೆ ಒಂದು ಬಿಟ್ಟುಹೋಗಿತ್ತು. ಆಮೇಲೆ ತಿಳಿಯಿತು: ಇಷ್ಟೆಲ್ಲ ಕೂಗಿ ಕೇಳುವ ಹುಲಿಗೆಕ್ಕ ಯಾರನ್ನೂ ಕೇಳದ ಪ್ರಶ್ನೆ ಇದೊಂದೇ. ಮುಖ ನೋಡುತ್ತಾಳೆ, ಒತ್ತುತ್ತಾಳೆ. ನನ್ನ ಮುಖ ನೋಡಿ 'ಹೆಣ್ಣು' ಒತ್ತಿ ಮುಂದೆ ಹೋಗಿದ್ದಳು.

ಎಷ್ಟು ವರ್ಷ ನಾನು ಬಯಸಿದ್ದು ಇದನ್ನೇ, ನೋಡಿ! ಒಬ್ಬರು ನನ್ನತ್ತ ಅರೆಕ್ಷಣ ನೋಡಿ, ಯೋಚಿಸದೆ, ಸರಿಯಾದ ಉತ್ತರ ಬರೆಯುವುದು. ಸಿಕ್ಕಿತ್ತು. ಈಗ ಅದನ್ನು ನಾನೇ, ನನ್ನ ಬಾಯಾರೆ, ಬೆಂಚಿನ ಮುಂದೆ ವಾಪಸು ಕೊಡಬೇಕಿತ್ತು. ಜಾತಿ ಹೇಳಿದೆ. ವಿಳಾಸ ಹೇಳಿದೆ. ಪಿನ್‌ಕೋಡಿನ ಮಧ್ಯದಲ್ಲಿ ನಿಂತೆ.

"ಅಕ್ಕಾ, ಹೆಣ್ಣು ಅಂತ ಹಾಕೀರಲ್ಲ, ಅದನ್ನ ಬದಲಿ ಮಾಡ್ರಿ. ಅದರ ಕೆಳಗಿಂದು. ತೃತೀಯ ಲಿಂಗ. ಕಾರ್ಡ್ ತಂದೀನಿ."

ಹುಲಿಗೆಕ್ಕ ಮುಂದಕ್ಕೆ ಬಾಗಿ ಪಿಸುಗುಟ್ಟಿದಳು. ಅವಳ ಪಿಸುಮಾತು ಎದುರಿನ ಹಣ್ಣಿನಂಗಡಿಯವರೆಗೆ ಸಲೀಸಾಗಿ ಹೋಗುತ್ತಿತ್ತು.

"ಖರೇನಾ ಟೀಚರ್?"

"ಖರೇ."

"ಅಯ್ಯ, ಮೊದ್ಲ ಹೇಳಬಾರ್ದಾ! ಈ ಸೈಟು ಹಿಂದಕ್ಕ ಹೋದ್ರ ಎಲ್ಲಾ ಅಳಿಸಿಬಿಡತೈತಿ. ಮತ್ತ ಮೊದ್ಲಿಂದ ಹೇಳ್ರಿ ಈಗ. ಹೆಸರು?"

ಬೆಂಚು ನರಳಿತು. ನಾನು ಯಾರು ಎಂಬುದಕ್ಕಲ್ಲ, ಸರದಿ ತಡವಾಯಿತಲ್ಲ ಎಂಬುದಕ್ಕೆ. ವರ್ಷಗಳಿಂದ ನಾನು ಸಿದ್ಧಪಡಿಸಿಕೊಂಡಿದ್ದ ಗಂಭೀರ ಉತ್ತರಗಳಲ್ಲಿ ಒಂದೂ ಈ ಆಪಾದನೆಗೆ ಹೊಂದುತ್ತಿರಲಿಲ್ಲ.

ಆಗ ಪಕ್ಕದಲ್ಲಿ ಕೂತಿದ್ದ ಮಂಜುನಾಥ ಜರುಗಿ ಹತ್ತಿರ ಬಂದ. ವಡ್ಡು ಎಂಬ ಊರಿನವನು, ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಅದೇ ಹುದ್ದೆಗೆ ಮೂರನೇ ಪ್ರಯತ್ನ. ಇದೆಲ್ಲ ಬೆಂಚಿಗೆ ಆಗಲೇ ಗೊತ್ತಿತ್ತು. ಜೊತೆಗೆ ಅವನ ಅವ್ವನೂ ಬಂದಿದ್ದಳು.

"ಮೇಡಮ್, ಅದಕ್ಕ ಮೀಸಲಾತಿ ಐತೇನ್ರಿ?"

"ಇದೆ."

"ಕಟಾಫ್ ಕಮ್ಮಿ ಬರತೈತೇನು?"

"ಬರಬಹುದು."

ಅವನ ಕಣ್ಣಲ್ಲಿ ಕಂಡದ್ದು ಅಸೂಯೆ. ಆಣೆ ಮಾಡಿ ಹೇಳುತ್ತೇನೆ, ಶುದ್ಧ ಅಸೂಯೆ. ನನ್ನ ಬದುಕಿನ ಈ ಭಾಗದ ಬಗ್ಗೆ ಯಾರಾದರೂ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು.

"ಹುಲಿಗೆಕ್ಕಾ, ನಂದೂ ಅದರಾಗ ಹಾಕ್ರಿ. ಯಾರ್ ನೋಡಾಕ ಬರ್ತಾರ?"

"ಲೇ ಮಂಜ್ಯಾ," ಅವನ ಅವ್ವ ಬೆನ್ನಿಗೊಂದು ಗುದ್ದಿದಳು. "ಬರೋ ತಿಂಗಳು ನಿಂದು ನಿಶ್ಚಿತಾರ್ಥ ಐತಿ. ಬೀಗ್ರು ಪಟ್ಟಿ ನೋಡಿದ್ರ ನಾ ಏನ್ ಹೇಳ್ಲಿ?"

"ನೌಕರಿ ಆಗೇತಿ ಅಂತ ಹೇಳು!"

"ಡೀಸಿ ಸಾಹೇಬ್ರು ಸಹಿ ಮಾಡಿದ ಕಾರ್ಡ್ ಬೇಕಲೇ" ಎಂದಳು ಹುಲಿಗೆಕ್ಕ, ಟೈಪಿಸುತ್ತಲೇ.

ಅವನು ಪಟ್ಟು ಬಿಡಲಿಲ್ಲ. "ಜಲ್ದಿ ಸಿಗತೈತೇನ್ರಿ ಮೇಡಮ್? ಏನೇನ್ ಮಾಡ್ಬೇಕು?"

ನಾನು ಸ್ವಭಾವತಃ ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುವವಳು. ಅವತ್ತು ಯಾವ ದೆವ್ವ ಹೊಕ್ಕಿತ್ತೋ, ಟ್ಯೂಷನ್ ಹೇಳುವ ದನಿಯಲ್ಲೇ ಹೇಳಿದೆ:

"ಅರ್ಜಿ ಸುಲಭ ಇದೆ. ಅದಕ್ಕಿಂತ ಮುಂಚಿನ ಕೆಲಸ ಸ್ವಲ್ಪ ಇದೆ. ಮೊದಲನೇದು, ನಿಮ್ಮ ಅವ್ವನ ಎದುರು ನಿಂತು, ನಾ ನಿನ್ನ ಮಗ ಅಲ್ಲ, ಮಗಳು ಅಂತ ಹೇಳಬೇಕು. ಹೇಳ್ರಿ, ಇಲ್ಲೇ ಅದಾರಲ್ಲ."

ಮಂಜುನಾಥ ಅವ್ವನ ಮುಖ ನೋಡಿದ. ಅವ್ವ ಅವನ ಮುಖ ನೋಡಿದಳು. ಇಡೀ ಬೆಂಚು ಇಬ್ಬರ ಮುಖವನ್ನೂ ನೋಡಿತು.

"ಜನರಲ್‌ನಾಗ ಇರ್ಲಿ ಬಿಡ್ರಿ ಅಕ್ಕಾ" ಎಂದ.

ಬೆಂಚು ನಕ್ಕಿತು. ಹುಲಿಗೆಕ್ಕ ಕಣ್ಣೊರೆಸಿಕೊಂಡು ನಕ್ಕಳು. ನಾನೂ ನಕ್ಕೆ. ಆಗ ಅವನ ಅವ್ವ, ನಗು ಇನ್ನೂ ತುಟಿಯ ಮೇಲಿರುವಾಗಲೇ, ಸೆರಗು ಸರಿಮಾಡಿಕೊಳ್ಳುತ್ತ ನನ್ನನ್ನು ಕೇಳಿದಳು:

"ನಿಮ್ಮವ್ವ ಏನಂದಳವ್ವಾ, ನೀ ಹೇಳಿದಾಗ?"

ನೋಡಿ, ಆ ಕ್ಷಣದಲ್ಲಿ ನನಗೆ ಹಲ್ಲುನೋವಿನಂಥ ಸುಳ್ಳೊಂದೂ ಹೊಳೆಯಲಿಲ್ಲ. ಹಣ್ಣಿನಂಗಡಿಯವನು ಕೂಡ ಉತ್ತರಕ್ಕೆ ಕಾಯುತ್ತಿರುವಂತೆ ಕಂಡ.

"ಇನ್ನೂ ಹೇಳಿಲ್ಲ" ಎಂದೆ.

"ಮತ್ತ ನನ್ನ ಮಗನಿಗೆ ಹೇಳಾಕ ಹಚ್ಚಿದ್ಯಲ್ಲ!" ಎಂದಳು. ಬೈಗುಳ ಅಲ್ಲ, ಲೆಕ್ಕದಲ್ಲಿ ನನ್ನ ತಪ್ಪು ಹಿಡಿದ ಸಂತೋಷ. ಆಮೇಲೆ ದನಿ ತಗ್ಗಿಸಿ, "ಮಂದಿ ಬಾಯಾಗ ಕೇಳಿದ್ರ ತಡಕೊಳ್ಳಾಕ ಆಗಂಗಿಲ್ಲ ತಂಗೀ. ನೀನ ಹೇಳು" ಎಂದಳು.

ಹುಲಿಗೆಕ್ಕ ಅರ್ಜಿಯನ್ನು ಪೂರ್ತಿ ತುಂಬಿ, ಕೊನೆಯ ಗುಂಡಿಯ ಮೇಲೆ ಬೆರಳಿಟ್ಟು ನನ್ನತ್ತ ನೋಡಿದಳು. ಈಗಲೇ ಬೇಡ ಎಂದು ನಾನು ತಲೆಯಾಡಿಸಿದೆ. "ನಾಳೆ ಸಂಜಿತನಾ ಟೈಮ್ ಐತಿ. ಹಂಗ ಇಟ್ಟಿರ್ತೀನಿ" ಎಂದು ಮುಂದಿನವರನ್ನು ಕೂಗಿದಳು.

ಕೆಲಸ ಸಿಕ್ಕಿತೇ ಎಂದು ನೀವು ಕೇಳುತ್ತೀರಿ. ಸಂಡೂರಿನಲ್ಲಿ ಲವಂಗ ಅಗಿಯುತ್ತ ಕೂತು ಇದನ್ನು ಬರೆಯುತ್ತಿದ್ದೇನೆ ಎಂದಮೇಲೆ ಸಿಕ್ಕಿದೆ ಎಂದೇ ಅರ್ಥ. ಪಟ್ಟಿ ಬಂತು, ಕಂಪ್ಲಿಯಲ್ಲಿ ಎಲ್ಲರ ಮೊಬೈಲಿಗೂ ಹೋಯಿತು. ಕೆಲವರು ಏನೇನೋ ಅಂದರು. ಇನ್ನು ಕೆಲವರು ಮಂಜುನಾಥನ ಹಾಗೆ ಕಟಾಫ್ ಕೇಳಿದರು. ಈಗ ಇಲ್ಲಿ ಯಾರಾದರೂ ವಿಚಾರಿಸಿದರೆ ಹೇಳುತ್ತೇನೆ, ವಿಚಾರಿಸದಿದ್ದರೆ ಇಲ್ಲ. ಸೋಪು ಕೊಳ್ಳಲು ಮಾತ್ರ ಇನ್ನೂ ಪಕ್ಕದವರು ಹೋಗುವವರೆಗೆ ಕಾಯುತ್ತೇನೆ. ಅದೇನೂ ಬದಲಾಗಿಲ್ಲ.

ಆದರೆ ಅದೆಲ್ಲ ತಿಂಗಳುಗಳ ಮೇಲಿನ ಮಾತು. ಮರುದಿನ ಬೆಳಿಗ್ಗೆ ನಾನು ಹಳದಿ ಚೂಡಿದಾರ ಹಾಕಿ, ಜಡೆ ಹೆಣೆದುಕೊಂಡು ಕಂಪ್ಲಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಾಲ್ಕು ಒಳ್ಳೆಯ ವಾಕ್ಯಗಳನ್ನು ಜೋಡಿಸಿಕೊಂಡೆ. ಅಮ್ಮ ಅಂಗನವಾಡಿಗೆ ಹೊರಡಲು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ತಿರುಗಿದಳು. ತಲೆಯಿಂದ ಕಾಲಿನವರೆಗೆ ನೋಡಿದಳು. ನಾಲ್ಕೂ ವಾಕ್ಯಗಳು ಬಸ್ಸಿನಲ್ಲೇ ಉಳಿದುಹೋಗಿದ್ದವು.

"ನೌಕರಿಗೆ ಅರ್ಜಿ ಹಾಕಾಕತ್ತೀನಮ್ಮ. ಹಿಂಗ... ಮಗಳಾಗಿ. ಪಟ್ಟಿ ಬಂದ್ರ ಊರಿಗೆಲ್ಲಾ ಗೊತ್ತಾಗತೈತಿ."

ಅಮ್ಮ ಬೀಗದಿಂದ ಕೈ ತೆಗೆಯಲಿಲ್ಲ. "ಏನಂತ ಹೆಸರು ಕೊಟ್ಟೀ?"

ಹೇಳಿದೆ.

ಅಮ್ಮ ಅದನ್ನು ಒಮ್ಮೆ ಮೆಲ್ಲಗೆ ತಾನೂ ಅಂದು ನೋಡಿದಳು. ಆಮೇಲೆ ಬೀಗ ತೆಗೆದಳು. "ಹಳದಿ ನಿಂಗ ಒಪ್ಪಂಗಿಲ್ಲ" ಎಂದಳು, ನನ್ನ ಕಡೆ ನೋಡದೆ. ಒಪ್ಪುತ್ತದೆ, ಭಾಳ ಚೆನ್ನಾಗಿ ಒಪ್ಪುತ್ತದೆ ಎಂದು ಗಟ್ಟಿಯಾಗಿ, ಓಣಿಯವರಿಗೆಲ್ಲ ಕೇಳುವಂತೆ ವಾದಿಸುತ್ತ ನಾನು ಒಳಗೆ ಹೋದೆ.