ಹನುಮಂತನಪಟ್ಟಿಯ ಹಾಫ್‌ಬ್ಯಾಕ್

ತಮಿಳು ಸೀಮೆಯ ಹನುಮಂತನಪಟ್ಟಿಯ ರಂಗಸಾಮಿಗೆ ದಿಂಡಿಗಲ್ಲಿನ ನೂಲಿನ ಗಿರಣಿಯಲ್ಲಿ ಕೆಲಸ ಸಿಕ್ಕಿದ್ದು ಅವನ ಕಾಲುಗಳ ದೆಸೆಯಿಂದ. ಭತ್ತ ಕೊಯ್ದ ಗದ್ದೆಯಲ್ಲಿ, ಕೂಳೆ ಚುಚ್ಚಿದರೂ ಲೆಕ್ಕಿಸದೆ, ಬರಿಗಾಲಲ್ಲಿ ಚೆಂಡು ಒದೆಯುತ್ತ ಬೆಳೆದವನು. 1961ರಲ್ಲಿ ಹತ್ತಿರದ ಕಂಬಂ ಪಟ್ಟಣದಲ್ಲಿ ಅವನ ಆಟ ನೋಡಿದ ಗಿರಣಿ ತಂಡದ ಕೋಚ್ ಜ್ಞಾನಪ್ರಕಾಶಂ, ಮರುವಾರವೇ ಮನೆಗೆ ಬಂದರು. ಹೆಸರಿಗೆ ನೂಲು ಸುತ್ತುವ ಕೆಲಸ, ನಿಜವಾದ ಕೆಲಸ ಫುಟ್‌ಬಾಲ್ ಆಡುವುದು ಎಂದರು.

ದ್ರಾಕ್ಷಿ ಚಪ್ಪರದಡಿ ಬಳ್ಳಿ ಕಟ್ಟುತ್ತಿದ್ದ ಅಪ್ಪ ಮಗನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು. "ಆಟ ಆಡಾಕೆ ಸಂಬಳ ಕೊಡ್ತಾರಾ?"

"ಕೊಡ್ತಾರಂತೆ ಅಪ್ಪಾ."

"ಏನೋ ಮೋಸ ಇರೋ ಹಂಗೈತೆ. ಹೋಗಿ ನೋಡ್ಕಂಡು ಬಾ."

ಹೋದವನು ಅಲ್ಲೇ ನಿಂತ. ಆದರೆ ಮೊದಲ ತಿಂಗಳೇ ಮುಖ ಸಪ್ಪಗಾಯಿತು. ಗೋಲು ಹೊಡೆಯಬೇಕೆಂಬ ಆಸೆ ಹೊತ್ತು ಬಂದವನನ್ನು ಕೋಚ್ ಮೈದಾನದ ನಡುವೆ, ಹಾಫ್‌ಬ್ಯಾಕ್ ಜಾಗದಲ್ಲಿ ನಿಲ್ಲಿಸಿದರು. ಎದುರಾಳಿಗಳಿಂದ ಚೆಂಡು ಕಸಿದು ಮುಂದಿನವರಿಗೆ ಒದಗಿಸುವುದೇ ಅವನ ಪಾಲಿನ ಕೆಲಸ. ರಂಗಸಾಮಿ ಒಂದಷ್ಟು ದಿನ ಮುನಿಸಿಕೊಂಡೇ ಆಡಿದ. ಆಡುತ್ತಾ ಆಡುತ್ತಾ ಆ ಜಾಗದ ರುಚಿ ಹತ್ತಿತು. ಅಲ್ಲಿಂದ ಇಡೀ ಮೈದಾನ ಕಾಣುತ್ತಿತ್ತು. ಕಾಲುವೆಯ ಮಡೆ ಒಡೆದು ಬೇಕಾದ ಗದ್ದೆಗೆ ನೀರು ತಿರುಗಿಸಿದ ಹಾಗೆ, ಆಟವನ್ನೇ ಬೇಕಾದ ಕಡೆಗೆ ತಿರುಗಿಸಬಹುದಾಗಿತ್ತು.

ತಂಡದ ಸೆಂಟರ್ ಫಾರ್ವರ್ಡ್ ವೇಲುಸಾಮಿ ಬೋಡಿನಾಯಕನೂರಿನವನು. ರಂಗಸಾಮಿಯ ಮನೆಯಂತೆ ಅವನ ಮನೆಯಲ್ಲೂ ಕನ್ನಡವೇ. ಇಬ್ಬರೂ ಮೈದಾನದಲ್ಲಿ ಮನೆಮಾತಿನಲ್ಲೇ ಕೂಗಾಡುತ್ತಿದ್ದರು. "ವೇಲಣ್ಣಾ, ಎಡಕ್ಕೆ ಓಡು" ಎಂದರೆ ಮದುರೆಯ ತಂಡಕ್ಕೂ ತಿಳಿಯದು, ತಿರುಚ್ಚಿಯ ತಂಡಕ್ಕೂ ತಿಳಿಯದು. ಅವರು ಕಣ್ಣು ಪಿಳಿಪಿಳಿ ಬಿಡುವಷ್ಟರಲ್ಲಿ ಚೆಂಡು ಬಲೆಯೊಳಗೆ. ಮೂರು ನಾಲ್ಕು ವರ್ಷ ಆ ಜೋಡಿಯನ್ನು ಹಿಡಿಯುವವರೇ ಇರಲಿಲ್ಲ.

1965ರಲ್ಲಿ ದಿಂಡಿಗಲ್ಲಿನ ಪಂದ್ಯಾವಳಿಯ ಫೈನಲ್‌ಗೆ ಬೆಂಗಳೂರಿನ ಒಂದು ಕಾರ್ಖಾನೆಯ ತಂಡ ಬಂದಿತು. ಮೈದಾನದ ಸುತ್ತ ಕಾಲಿಡಲು ಜಾಗವಿಲ್ಲ. ಮರಗಳ ಮೇಲೂ ಜನ. ಆಟ ಶುರುವಾದದ್ದೇ ರಂಗಸಾಮಿ ಎಂದಿನಂತೆ "ವೇಲಣ್ಣಾ, ಬಲಕ್ಕೆ" ಎಂದು ಕೂಗಿ ಚೆಂಡು ಒದ್ದ. ಬೆಂಗಳೂರಿನ ಎತ್ತರದ ಆಟಗಾರ ಪಿಳ್ಳಪ್ಪ ಮೊದಲೇ ಅಲ್ಲಿ ನಿಂತಿದ್ದ. ಮತ್ತೆ ಕೂಗಿದ, ಮತ್ತೆ ಪಿಳ್ಳಪ್ಪನೇ. ಚೆಂಡು ಕಿತ್ತುಕೊಂಡು ಹೋಗುವಾಗ ಅವನು ನಕ್ಕು ಕೇಳಿದ:

"ಯಾವೂರಣ್ಣಾ ನಿಮ್ದು? ಕನ್ನಡ ಚೆನ್ನಾಗೈತೆ."

ಗುಟ್ಟು ಬಯಲಾದ ಗಾಬರಿಯಲ್ಲಿ ಇವರು ಒಂದು ಗೋಲು ಬಿಟ್ಟುಕೊಟ್ಟರು.

ವಿರಾಮದಲ್ಲಿ ಕೋಚ್, ಕನ್ನಡ ಬಿಟ್ಟು ತಮಿಳಿನಲ್ಲೇ ಮಾತಾಡಿಕೊಳ್ಳಿ ಎಂದರು. ಬೆಂಗಳೂರಿನವರಲ್ಲಿ ಅರ್ಧ ಜನರಿಗೆ ತಮಿಳೂ ಬರುತ್ತದೆ ಎಂದ ವೇಲುಸಾಮಿ ತಲೆಗೆ ನೀರು ಸುರಿದುಕೊಂಡು ಕೂತ.

ರಂಗಸಾಮಿ ಬೂಟಿನ ದಾರ ಬಿಗಿದುಕೊಂಡ. ಆಮೇಲೆ ವೇಲುಸಾಮಿಯ ಕಿವಿಯ ಹತ್ತಿರ ಬಾಗಿದ. "ಅಣ್ಣಾ, ನಾನು ಎಡಕ್ಕೆ ಅಂದ್ರೆ ನೀನು ಬಲಕ್ಕೆ ಓಡು. ಬಲಕ್ಕೆ ಅಂದ್ರೆ ಎಡಕ್ಕೆ."

"ನಂಗೇ ಗುಳಂಬ ಆಗ್ಬಿಟ್ರೆ?" ಗುಳಂಬ ಅಂದರೆ ಅವರ ಮಾತಿನಲ್ಲಿ ಗೊಂದಲ.

"ಆಗ್ಲಿ. ಅವ್ರಿಗೂ ಆಗ್ತದೆ."

ಆಟ ಮತ್ತೆ ಶುರುವಾಯಿತು. ರಂಗಸಾಮಿ ಗಂಟಲು ಹರಿಯುವಂತೆ "ಎಡಕ್ಕೆ" ಎಂದು ಕೂಗಿದ. ಪಿಳ್ಳಪ್ಪ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಯಿತು, ವೇಲುಸಾಮಿ ಒಂದೇ ಏಟಿಗೆ ಬಲೆ ಅಲ್ಲಾಡಿಸಿದ. ಗೋಲು ಸಮ ಸಮ. ಮರದ ಮೇಲಿನ ಜನ ಕೊಂಬೆ ಮುರಿಯುವ ಹಾಗೆ ಕುಣಿದರು.

ಬೆಂಗಳೂರಿನವರು ದಡ್ಡರಲ್ಲ. ಇವರ ಕನ್ನಡವನ್ನು ತಿರುವಿ ಕೇಳಿಸಿಕೊಳ್ಳಬೇಕೆಂದು ಅವರಿಗೆ ಬೇಗನೆ ಅರ್ಥವಾಯಿತು. ಆಟ ಮುಗಿಯುತ್ತಾ ಬಂದಾಗ ನಡುವಿನಲ್ಲಿ ಚೆಂಡು ರಂಗಸಾಮಿಯ ಕಾಲಿಗೆ ಬಿತ್ತು. ಮುಂದೆ ಬಲಗಡೆ ಒಂದಿಷ್ಟು ಜಾಗ ಬಿಟ್ಟಿತ್ತು. ಆ ಹುರುಪಿನಲ್ಲಿ ಅವನಿಗೆ ತಾನೇ ಮಾಡಿದ ಏರ್ಪಾಟು ಮರೆತೇಹೋಯಿತು. "ವೇಲಣ್ಣಾ, ಬಲಕ್ಕೆ ಬಾ, ಬಲಕ್ಕೆ" ಎಂದು ನಿಜವನ್ನೇ ಕೂಗಿಬಿಟ್ಟ.

ಪಿಳ್ಳಪ್ಪ ಎಡಕ್ಕೆ ಓಡಿದ. ಅವನ ಜೊತೆಯವರೂ ಎಡಕ್ಕೆ ಓಡಿದರು. ಮಾತಿಗೆ ತಪ್ಪದ ವೇಲುಸಾಮಿಯೂ ಎಡಕ್ಕೇ ಓಡಿದ.

ಬಲಗಡೆ ಒಂದು ನರಪಿಳ್ಳೆಯೂ ಇಲ್ಲ. ಚೆಂಡು ಯಾರಿಗೆ ಕೊಡುವುದು? ರಂಗಸಾಮಿ ತಾನೇ ಓಡಿದ. ಕಿವಿಯಲ್ಲಿ ಗಾಳಿ, ಹಿಂದೆ ಪಿಳ್ಳಪ್ಪನ ದಬದಬ ಹೆಜ್ಜೆ, ಎದುರಿಗೆ ಕೈ ಅಗಲಿಸಿ ಬರುತ್ತಿದ್ದ ಗೋಲ್‌ಕೀಪರ್. ಕಣ್ಣು ಮುಚ್ಚಿದನೋ ತೆರೆದಿದ್ದನೋ, ಅವನಿಗೇ ತಿಳಿಯದು. ಒದ್ದ. ಚೆಂಡು ಕಂಬಕ್ಕೆ ತಗುಲಿ ಒಳಗೆ ಬಿತ್ತು.

ಜನ ಮೈದಾನಕ್ಕೆ ನುಗ್ಗಿ ಅವನನ್ನು ಹೆಗಲ ಮೇಲೆ ಹೊತ್ತರು. ಕೋಚ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇದ್ದರು. ಪಿಳ್ಳಪ್ಪ ಹುಲ್ಲಿನ ಮೇಲೆ ಮಲಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಕೊನೇಲಿ ನಿಜ ಹೇಳಿ ಮೋಸ ಮಾಡಿದ್ರಲ್ಲಣ್ಣಾ" ಎಂದ. ಸಂಜೆ ತನ್ನ ತಂಡದ ಮ್ಯಾನೇಜರನ್ನು ರಂಗಸಾಮಿಯ ಬಳಿಗೆ ಅವನೇ ಕರೆತಂದ.

ಮರುವರ್ಷ ರಂಗಸಾಮಿ ಬೆಂಗಳೂರಿನ ತಂಡ ಸೇರಿದ. ಹೊರಡುವಾಗ ತಾಯಿ ಮೂಕಮ್ಮಾಳ್ ಕೇಳಿದ್ದು ಒಂದೇ ಮಾತು: "ಅಲ್ಲಿ ಎಲ್ರೂ ನಮ್ ಮಾತೇ ಆಡ್ತಾರಾ ಸಾಮಿ? ಅಂಗಡೀಲೂ? ಬಸ್ಸಲ್ಲೂ?" ಹೌದೆಂದಾಗ ಅವಳಿಗೆ ಅರೆನಂಬಿಕೆ.

ಬೆಂಗಳೂರಿನಲ್ಲಿ ಮೊದಲ ಪಂದ್ಯದ ದಿನ ಜಿಟಿಜಿಟಿ ಮಳೆ. ಹಿಂದಿನಿಂದ ಪಿಳ್ಳಪ್ಪ ಚೆಂಡು ತಳ್ಳಿದ. ರಂಗಸಾಮಿ ಅದನ್ನು ಕಾಲಿಗೆ ಅಂಟಿಸಿಕೊಂಡು ತಲೆ ಎತ್ತಿದ. ಇಬ್ಬರು ಮೇಲೆ ಬಿದ್ದರು. ಅವರ ನಡುವೆಯೇ ನುಸುಳಿದ. ಗ್ಯಾಲರಿಯಲ್ಲಿ ಯಾರೋ ಪಕ್ಕದವರನ್ನು ಕನ್ನಡದಲ್ಲಿ ಅವನ ಹೆಸರು ಕೇಳುತ್ತಿದ್ದರು.