ಕೌದಿ ಹಿಂಡಲು ಇಬ್ಬರು ಬೇಕು

ಸಿಂಧನೂರಿನ ಆ ಓಣಿಯಲ್ಲಿ ಯುಗಾದಿ ಹತ್ತಿರ ಬಂತೆಂದು ಎಲ್ಲರಿಗಿಂತ ಮೊದಲು ತಿಳಿಯುವುದು ಕಸ್ತೂರೆಮ್ಮನ ಮನೆಯ ಜೇಡಗಳಿಗೆ. ಕಾಮಣ್ಣನನ್ನು ಸುಟ್ಟ ಬೂದಿ ಆರಿತೋ ಇಲ್ಲವೋ, ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆಯಲು ಕೂರುತ್ತಾಳೆ. ಒಂದನೇ ದಿನ ಅಟ್ಟ, ಎರಡನೇ ದಿನ ಹಂಡೆ, ಕೊಡ, ಬೋಗಾಣಿ, ಮೂರನೇ ದಿನ ಗೋಡೆ ಮತ್ತು ದೇವರ ಜಗಲಿ, ಕೊನೆಗೆ ಕೌದಿ. ಬರೆದದ್ದು ಬರೆದದ್ದೇ, ಬ್ರಹ್ಮ ಬಂದರೂ ತಿದ್ದುವಂತಿಲ್ಲ. ಕಿರಾಣಿ ಅಂಗಡಿ ಇಟ್ಟಿರುವ ಗಂಡ ಮರಿಸ್ವಾಮಿ ಆ ನಾಲ್ಕು ದಿನ ಮಿರ್ಚಿ ಮಂಡಾಳು ತಿಂದುಕೊಂಡು ಅಂಗಡಿಯಲ್ಲೇ ಕಾಲ ಕಳೆಯುತ್ತಾನೆ.

ಇಷ್ಟು ದೊಡ್ಡ ಯುದ್ಧಕ್ಕೆ ಹದಿನೇಳು ವರ್ಷದಿಂದ ಆಕೆಗೆ ಜೊತೆ ಎಂದರೆ ಎದುರು ಮನೆಯ ಭಾರತಿ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುತ್ತಾರಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು, ಇವರಿಬ್ಬರದು ಮನೆ ತೊಳೆಯುವುದರಲ್ಲಿ ಅದೇ ಪದ್ಧತಿ. ಭಾರತಿ ಪಾಮನಕಲ್ಲೂರಿನವಳು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಕಸ್ತೂರೆಮ್ಮ ಲಿಂಗಸೂಗೂರಿನ ಮಗಳು, ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವವಳು. ಒಡಹುಟ್ಟಿದ ಅಕ್ಕತಂಗಿಯರಿಲ್ಲದ ಆಕೆಗೆ ಈ ಊರಿನಲ್ಲಿ ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಇದ್ದದ್ದು ಭಾರತಿಯೊಬ್ಬಳೇ.

ಅದರಲ್ಲೂ ಕೌದಿಯ ದಿನವೆಂದರೆ ಕಸ್ತೂರೆಮ್ಮನಿಗೆ ಹಬ್ಬಕ್ಕಿಂತ ಹೆಚ್ಚು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೀರು ಕುಡಿಯಿತೆಂದರೆ ಎಮ್ಮೆಗರುವಿನಷ್ಟು ಭಾರ. ಎರಡೂ ಮನೆಯ ಕೌದಿಗಳನ್ನು ಆಟೊಕ್ಕೆ ಹೇರಿ ಗೊರೇಬಾಳದ ಹಾದಿಯ ಕಾಲುವೆಗೆ ಒಯ್ಯಬೇಕು, ಬಡಿದು ಒಗೆಯಬೇಕು, ಆಮೇಲೆ ಈ ತುದಿ ಒಬ್ಬಳು, ಆ ತುದಿ ಒಬ್ಬಳು ಹಿಡಿದು ಎದುರುಬದುರು ನಿಂತು ತಿರುವಬೇಕು. ಒಬ್ಬಳ ಕೈ ಸಡಿಲಾದರೆ ಇನ್ನೊಬ್ಬಳು ಅಂಗಾತ ಬೀಳುವುದೇ. ಹದಿನೇಳು ವರ್ಷದಲ್ಲಿ ಇವರು ಒಬ್ಬರನ್ನೊಬ್ಬರು ಬೀಳಿಸಿದ್ದಿಲ್ಲ.

ಈ ವರ್ಷ ಕೌದಿಗೆಂದು ಭಾನುವಾರ ಬರೆದಿತ್ತು. ಶನಿವಾರ ಸಂಜೆ ಭಾರತಿ ಬಂದು, ನಮ್ಮದು ಮಂಗಳವಾರ ಇಟ್ಟುಕೊಳ್ಳೋಣ, ನಾಳೆ ಸಂಘಮಿತ್ರಾಳ ಜೊತೆ ಕಾಲುವೆಗೆ ಹೋಗುತ್ತೇನೆ ಎಂದಳು. ಸಂಘಮಿತ್ರಾ ಹೈಸ್ಕೂಲಿನ ಟೀಚರು, ಓಣಿಯ ತುದಿಯಲ್ಲಿ ಮನೆ ಕಟ್ಟಿಸಿ ಎರಡು ವರ್ಷವಾಗಿತ್ತು. ಬೌದ್ಧ ಮನೆತನ, ಅವರು ಮನೆ ತೊಳೆಯುವುದು ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಗೆ. ಅಷ್ಟು ಹೊತ್ತಿಗೆ ಕಾಲುವೆಯ ನೀರು ನಿಲ್ಲುತ್ತದೆ, ಪಾಪ ಆಕೆಗೆ ರಜೆ ಇರುವುದು ಭಾನುವಾರವೊಂದೇ ಎಂದು ಭಾರತಿ ವಿವರಿಸಿದಳು. ಆಗಲಿ ಬಿಡವ್ವ, ಅದಕ್ಕೇನಂತೆ ಎಂದಳು ಕಸ್ತೂರೆಮ್ಮ. ಮುಖ ನಗುತ್ತಿತ್ತು, ಭಾರತಿ ಅತ್ತ ಹೋದದ್ದೇ ಕ್ಯಾಲೆಂಡರನ್ನು ಬರೆದ ಬದಿ ಗೋಡೆಗೆ ಬರುವಂತೆ ತಿರುಗಿಸಿ ಹಾಕಿದಳು.

ಭಾನುವಾರ ಬೆಳಿಗ್ಗೆ ಆಕೆ ಗಂಡನಿಗೆ ಬೈಕು ತೆಗೆ ಎಂದಳು. ತಾಮ್ರ ತಿಕ್ಕಲು ಹುಣಸೆಹಣ್ಣು ಬೇಕಂತೆ, ಅದೂ ಗೊರೇಬಾಳದ್ದೇ ಆಗಬೇಕಂತೆ. ತನ್ನ ಅಂಗಡಿಯಲ್ಲಿ ಎರಡು ಚೀಲ ಹುಣಸೆಹಣ್ಣು ಕೊಳೆಯುತ್ತಿದ್ದರೂ ಮರಿಸ್ವಾಮಿ ಉಸಿರೆತ್ತದೆ ಬೈಕು ತೆಗೆದ. ಮದುವೆಯಾಗಿ ಮೂವತ್ತು ವರ್ಷವಾದವನಿಗೆ ಎಲ್ಲಿ ಸುಮ್ಮನಿರಬೇಕೆಂದು ಚೆನ್ನಾಗಿ ಗೊತ್ತು.

ಕಾಲುವೆಯ ಮೆಟ್ಟಿಲ ಮೇಲೆ ಇಬ್ಬರೂ ಕೌದಿ ಹಿಂಡುತ್ತಿದ್ದರು. ಸಂಘಮಿತ್ರಾಳಿಗೆ ಹಿಡಿಯುವುದೇ ಬರುತ್ತಿರಲಿಲ್ಲ, ಭಾರತಿ ಜೊತೆಗೆ ತಂದಿದ್ದ ತನ್ನದೇ ಕೌದಿಯೊಂದು ಜಾರಿ ಮತ್ತೆ ನೀರಿಗೆ ಬಿತ್ತು. ಭಾರತಿ ಬೈಯಬೇಕಿತ್ತು ತಾನೇ? ಇಲ್ಲ. ಸೊಂಟದ ಮೇಲೆ ಕೈಯಿಟ್ಟು, ಮುಖ ಮೇಲೆತ್ತಿ, ಹಾದಿಗೆ ಕೇಳುವ ಹಾಗೆ ನಕ್ಕಳು. ಆ ನಗು ಕಸ್ತೂರೆಮ್ಮನ ಎದೆಗೆ ನಾಟಿತು. ಹದಿನೇಳು ವರ್ಷ ಗಂಟಲು ಹರಿಯುವಂತೆ ಮಾತಾಡಿದ್ದೇನೆ, ಒಂದು ದಿನವಾದರೂ ನನ್ನ ಮುಂದೆ ಹೀಗೆ ನಕ್ಕಿದ್ದಾಳೆಯೇ? ಕೌದಿ ಹಿಡಿಯಲು ಬಾರದವಳಿಗೆ ಆ ನಗು, ಬರುವವಳಿಗೆ ಬರೀ ಕೌದಿ! ಗೊರೇಬಾಳಕ್ಕೆ ಹೋಗದೆಯೇ ಬೈಕು ತಿರುಗಿಸಲು ಹೇಳಿದಳು.

ಸೋಮವಾರ ಆಕೆ ತನ್ನ ಕೌದಿಗಳನ್ನು ಅಂಗಳದಲ್ಲೇ ಒಗೆಯಲು ಕುಳಿತಳು. ಮಂಗಳವಾರದವರೆಗೆ ಕಾಯಬಾರದು, ಭಾರತಿ ಬಂದಾಗ ಎಲ್ಲ ಒಣಗಿ ಮಡಿಕೆಯಾಗಿ ಕೂತಿರಬೇಕು, ಆಕೆಯ ಮುಖ ಸಣ್ಣದಾಗುವುದನ್ನು ಕಣ್ಣಾರೆ ನೋಡಬೇಕು! ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ ಬಡಿದ ಬಡಿತಕ್ಕೆ ಎರಡು ಕೌದಿಯ ಹೊಲಿಗೆ ಬಿಚ್ಚಿತು. ಹಿಂಡಲು ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ತಿರುವಿದಳು. ಸರಳಿಗೆ ಕೈಯಿದೆಯೇ, ಎದುರಿನಿಂದ ತಿರುವಲು? ನೀರೆಲ್ಲ ಸೀರೆಗೇ ಇಳಿಯಿತು.

ಆಗ ಬಂದಳು ಪಕ್ಕದ ಮನೆಯ ಸೂಗಮ್ಮ. ಓಣಿಯ ಸುದ್ದಿಯೆಲ್ಲ ಆಕೆಯ ಬಾಯಿಂದ ಹಾದೇ ಮುಂದೆ ಹೋಗಬೇಕು. ಒಬ್ಬಳೇ ಯಾಕೆ ಒದ್ದಾಡುತ್ತೀ, ಭಾರತಿ ಎಲ್ಲಿ ಎಂದು ಕೇಳಿದಳು. ಕಸ್ತೂರೆಮ್ಮ ಏನೆಂದಾಳು? ಮಗಳ ಮದುವೆ ಮಾಡಿದ ಐವತ್ತೆರಡರ ಹೆಂಗಸು, ನನ್ನ ಗೆಳತಿ ಬೇರೆಯವಳ ಜೊತೆ ಹೋದಳು ಎಂದು ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಅಳಲು ಸಾಧ್ಯವೇ? ಹಿಂಡಿದ ಕೌದಿಯನ್ನೇ ಮತ್ತೆ ಹಿಂಡಿದಳು. ಉತ್ತರವನ್ನು ಸೂಗಮ್ಮನೇ ಕಟ್ಟಿಕೊಟ್ಟಳು.

“ತಿಳೀತು ಬಿಡು. ಆ ಟೀಚರ್ ಮುಟ್ಟಿದ ಕೌದಿ ಜೋಡಿ ನಿಮ್ಮ ಕೌದಿ ಒಗ್ಯಾಕ ನಿನಗ ಮನಸಿಲ್ಲ. ಅದೂ ಖರೇನ ಐತಿ, ಮಂದಿ ನೋಡಿ ಹಚ್ಚಿಗೋಬೇಕವ್ವ.”

ಜಾತಿಯ ಮಾತು. ದೇವರಾಣೆಗೂ ಕಸ್ತೂರೆಮ್ಮನ ಹೊಟ್ಟೆ ಉರಿದದ್ದು ಅದಕ್ಕಲ್ಲ. ಆದರೆ ಈ ಓಣಿ ಎಂಥದೆಂದರೆ, ಹೊಟ್ಟೆಕಿಚ್ಚು ಎಂದರೆ ಬಿದ್ದು ಬಿದ್ದು ನಗುತ್ತದೆ, ಜಾತಿ ಎಂದರೆ ಹೌದಲ್ಲ ಎನ್ನುತ್ತದೆ. ನಗೆಪಾಟಲಾಗುವುದು ತಪ್ಪಿತಲ್ಲ ಎಂದು ಆಕೆ ಮೆಲ್ಲಗೆ ತಲೆಯಾಡಿಸಿಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆಯೂ ಹೋಗುತ್ತದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಮಂಗಳವಾರ ಭಾರತಿ ಬರಲಿಲ್ಲ. ಮಡಿಕೆ ಹಾಕಿದ ಕೌದಿಗಳನ್ನು ಬಾಗಿಲಿಗೆ ಕಾಣುವಂತೆ ಒಟ್ಟಿ ಮಧ್ಯಾಹ್ನದವರೆಗೆ ಕಾದ ಕಸ್ತೂರೆಮ್ಮ, ತಡೆಯಲಾರದೆ ತಾನೇ ಎದುರು ಮನೆಗೆ ಹೋದಳು. ಭಾರತಿ ಒಬ್ಬಳೇ ಸ್ಟೂಲು ಹತ್ತಿ ಅಟ್ಟ ಗುಡಿಸುತ್ತಿದ್ದಳು. ಕೆಳಗಿಳಿಯಲಿಲ್ಲ. ಸೂಗಮ್ಮ ಹೇಳುತ್ತಿರುವುದು ನಿಜವೇ ಎಂದು ಅಲ್ಲಿಂದಲೇ ಕೇಳಿದಳು.

ಕಸ್ತೂರೆಮ್ಮ ಸ್ಟೂಲಿನ ಕಾಲು ಹಿಡಿದು ನಿಂತಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

“ಜಾತಿ ಅಲ್ಲ ಭಾರತಿ. ನನಗ ಹೊಟ್ಟೆಕಿಚ್ಚು ಬಂತು. ಆಕಿ ಜೋಡಿ ನೀ ನಗೂದು ನೋಡಿದೆ, ತಡಕೊಳ್ಳಾಕ ಆಗ್ಲಿಲ್ಲ.”

“ಅದು ನನಗ ಗೊತ್ತೈತಕ್ಕ. ನೀವು ಗಾಡಿ ತಿರುಗಿಸಿಗೊಂಡು ಹೋಗೂದು ನಾನೂ ನೋಡೀನಿ,” ಎಂದಳು ಭಾರತಿ. ಪೊರಕೆ ಕೆಳಗಿಟ್ಟಳು. “ಆದ್ರ ನಿನ್ನೆ ಆಕಿ ಸಾಲಿಯಿಂದ ಸೀದಾ ಇಲ್ಲಿಗೆ ಬಂದ್ಳು. ಅಕ್ಕಾ, ನಾ ಮುಟ್ಟೀನಂತ ನಿಮ್ಮ ಕೌದಿ ಮತ್ತ ಒಗೀಬೇಕೇನ್ರಿ ಅಂತ ಕೇಳಿದ್ಳು. ಆಕಿಗೆ ಏನ್ ಹೇಳ್ಲಿ? ನನ್ನ ಮುಂದ ಹೇಳಿದ್ರ ಏನಾತು, ತೆಲಿ ಎಲ್ಲಿ ಆಡಿಸೀದಿ ಅಲ್ಲಿ ಹೋಗಿ ಹೇಳು.”

ಆ ರಾತ್ರಿ ಕಸ್ತೂರೆಮ್ಮ ಬಾಗಿಲಿಗೆ ಒಟ್ಟಿದ್ದ ಕೌದಿಗಳನ್ನು ಒಳಗೆತ್ತಿಟ್ಟಳು. ನಗಲಿ, ಓಣಿಯೆಲ್ಲ ನಗಲಿ, ಭಾರತಿಯೊಬ್ಬಳು ತಿರುಗಿ ಬಂದರೆ ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಬುಧವಾರ ನಳಕ್ಕೆ ನೀರು ಬಿಡುವ ದಿನ. ಸೂಗಮ್ಮನೂ ಸೇರಿ ಆರೇಳು ಹೆಂಗಸರು ಕೊಡ ಹಚ್ಚಿ ನಿಂತಿದ್ದರು, ಸಾಲಿನ ಕೊನೆಯಲ್ಲಿ ಸಂಘಮಿತ್ರಾಳೂ ಇದ್ದಳು. ಭಾರತಿ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಸ್ತೂರೆಮ್ಮ ಕೊಡ ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು.

“ಸೂಗಮ್ಮ ಹೇಳಿದ್ದು ಸುಳ್ಳು. ನಾ ತೆಲಿ ಆಡಿಸಿದ್ದೂ ಸುಳ್ಳು. ಭಾರತಿ ನನ್ನ ಬಿಟ್ಟು ಟೀಚರ್ ಜೋಡಿ ಹೋದ್ಳಂತ ನನಗ ಹೊಟ್ಟೆಕಿಚ್ಚಾಗಿತ್ತು. ಅಷ್ಟ.”

ಆಕೆ ನಗುವಿಗಾಗಿ ಕಾದಳು. ಯಾರೂ ನಗಲಿಲ್ಲ. ಸೂಗಮ್ಮ ಮಾತ್ರ ಹತ್ತಿರ ಬಂದು, ಮೆಚ್ಚುಗೆಯಿಂದ ಆಕೆಯ ಬೆನ್ನು ಸವರಿದಳು.

“ದೊಡ್ಡ ಮನಸು ನೋಡ್ರೆವ್ವ ಈಕೀದು. ಆ ಟೀಚರ್ ಮನಸು ನೋಯಬಾರದಂತ ಎಲ್ಲಾ ತನ್ನ ಮ್ಯಾಲ ಹಾಕ್ಕೊಂಡ್ಳು.”

ಉಳಿದವರು ಹೌದೌದೆಂದರು. ಹಂಗಲ್ಲ, ಖರೇನ ಹೊಟ್ಟೆಕಿಚ್ಚು ಎಂದು ಕಸ್ತೂರೆಮ್ಮ ಮತ್ತೊಮ್ಮೆ, ಇನ್ನೊಮ್ಮೆ ಹೇಳಿದಳು. ಹೇಳಿದಷ್ಟೂ ಅವರಿಗೆ ಆಕೆಯ ಮೇಲೆ ಗೌರವ ಹೆಚ್ಚುತ್ತಿತ್ತು. ಸಂಘಮಿತ್ರಾ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದಳು. ಭಾರತಿ ಬಾಗಿಲು ಬಿಟ್ಟು ಇಳಿದು, ಕಸ್ತೂರೆಮ್ಮನನ್ನು ದಾಟಿ, ಸಂಘಮಿತ್ರಾಳ ಹಿಂದೆ ಹೋದಳು.